ಮಗ್ ಮೇಲೆ ಬರದ ಅರ್ಧ ಸಾಲು

ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲಿರುವ ಕನ್ನಡದವರಿಗೆ ಒಂದು ಡ್ಯೂಟಿ ತಪ್ಪಿದ್ದಲ್ಲ. ಊರಿಂದ ಯಾರೇ ಬರಲಿ, ಯೊಸೆಮಿಟಿ ಕಣಿವೆ ತೋರಿಸಲೇಬೇಕು. ಬೆಳಗಿನ ಜಾವ ಎದ್ದು, ಪುಳಿಯೋಗರೆ ಮೊಸರನ್ನ ಕಟ್ಟಿಕೊಂಡು, ನಾಲ್ಕು ಗಂಟೆ ಕಾರಿನಲ್ಲಿ ಕೂರಬೇಕು. ಟನಲ್ ವ್ಯೂನಲ್ಲಿ ಫೋಟೊ, ಎಲ್ ಕ್ಯಾಪಿಟನ್ ಬಂಡೆಯ ಎದುರಿನ ಹುಲ್ಲಿನ ಮೇಲೆ ಊಟ, ಪಾರ್ಕಿಂಗ್ ಸಿಗದೆ ಗಂಡ ಹೆಂಡತಿ ನಡುವೆ ಒಂದಿಷ್ಟು ಜಗಳ. ಕೊನೆಗೆ ಎಲ್ಲರೂ ಬಂದು ಸೇರುವುದು ಅಂಗಡಿಗೆ. ಅಲ್ಲಿ ಮಗ್ಗು, ಟೀ ಶರ್ಟು, ಫ್ರಿಜ್‌ಗೆ ಅಂಟಿಸುವ ಬಿಲ್ಲೆ, ಏನು ಎತ್ತಿಕೊಂಡರೂ ಒಂದೇ ಸಾಲು: 'ಬೆಟ್ಟಗಳು ಕರೆಯುತ್ತಿವೆ, ನಾನು ಹೋಗಲೇಬೇಕು.' ಅದರ ಕೆಳಗೆ ಜಾನ್ ಮ್ಯೂರ್ ಅಂತ ಹೆಸರು, ಈ ಬೆಟ್ಟ ಕಾಡುಗಳ ಬಗ್ಗೆ ಬರೆದು ಅವನ್ನು ಉಳಿಸಲು ಹೋರಾಡಿದವನು.

ಸಾಲು ಮ್ಯೂರ್‌ನದೇ, ಅದರಲ್ಲಿ ಅನುಮಾನವಿಲ್ಲ. 1873ರ ಸೆಪ್ಟೆಂಬರ್‌ನಲ್ಲಿ ಅಕ್ಕ ಸಾರಾಗೆ ಬರೆದ ಕಾಗದದಲ್ಲಿದೆ. ಆದರೆ ಅವನ ವಾಕ್ಯ ಅಲ್ಲಿಗೆ ಮುಗಿಯುವುದಿಲ್ಲ. ಕೈಲಾಗುವ ತನಕ ಕೆಲಸ ಮಾಡುತ್ತಲೇ ಇರುತ್ತೇನೆ, ಬಿಡದೆ ಅಧ್ಯಯನ ಮಾಡುತ್ತೇನೆ ಅಂತ ಅದೇ ಉಸಿರಿನಲ್ಲಿ ಹೇಳುತ್ತಾನೆ. ಮಗ್ ಮಾಡಿದವರು ಕೆಲಸದ ಭಾಗವನ್ನು ಕತ್ತರಿಸಿ, ಹೊರಡುವ ಭಾಗವನ್ನು ಮಾತ್ರ ಇಟ್ಟುಕೊಂಡಿದ್ದಾರೆ. ಜಾಗ ಸಾಲದೆ ಹಾಗೆ ಮಾಡಿದರೋ ಏನೋ. ಆದರೂ ಇದು ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ಅರ್ಧ ಸಾಲಿನ ಮ್ಯೂರ್ ನಮ್ಮ ವಾಟ್ಸಾಪ್ ಸ್ಟೇಟಸ್ಸಿನ ಮನುಷ್ಯ. ಶುಕ್ರವಾರ ಸಂಜೆ ಬ್ಯಾಗ್ ಏರಿಸಿ ಹೊರಟುಬಿಡುವವನು. ಪೂರ್ತಿ ಸಾಲಿನ ಮ್ಯೂರ್ ಬೇರೆಯೇ ಮನುಷ್ಯ. ಅವನು ಮೊದಮೊದಲು ಬೆಟ್ಟ ಹತ್ತಿದ್ದು ಕೂಲಿಗೆ. ಕಾಡನ್ನು ಉಳಿಸಬೇಕು ಅನ್ನುವ ಅವನ ಹಟದ ಬೇರು ಆ ಕೂಲಿಯಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ.

ಅವನ ಹುಡುಗುತನದ ಕತೆ ಉದ್ದಕ್ಕೆ ಹೇಳುವುದಿಲ್ಲ. 1838ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ್ದು, 1849ರಲ್ಲಿ ಅಪ್ಪನ ಜೊತೆ ಅಮೆರಿಕಕ್ಕೆ ಬಂದು ವಿಸ್ಕಾನ್ಸಿನ್‌ನಲ್ಲಿ ಹೊಲ ಉತ್ತದ್ದು ಎಲ್ಲಿ ಬೇಕಾದರೂ ಓದಲು ಸಿಗುತ್ತದೆ. ನನಗೆ ಮರೆಯಲಾಗದ್ದು ಬಾವಿಯ ಸಂಗತಿ. ಅಪ್ಪ ಮಗನನ್ನು ಬಾವಿ ತೋಡಲು ಇಳಿಸಿದ. ಕೆಳಗೆಲ್ಲ ಮರಳುಗಲ್ಲು. ಉಳಿ, ಸುತ್ತಿಗೆ ಹಿಡಿದು ಒಬ್ಬನೇ ಕೆತ್ತುತ್ತಾ ಹೋಗಬೇಕು. ಸುಮಾರು 80 ಅಡಿ ಆಳದಲ್ಲಿ ವಿಷಗಾಳಿ ಸೇರಿ ಹುಡುಗ ಪ್ರಜ್ಞೆ ತಪ್ಪುವ ಹಾಗಾದ. ಬಕೆಟ್‌ನಲ್ಲಿ ಕೂರಿಸಿ ಮೇಲೆ ಎಳೆದರು. ಒಂದೆರಡು ದಿನ ಬಿಟ್ಟು ಮತ್ತೆ ಇಳಿಸಿದರು. 90 ಅಡಿಗೆ ನೀರು ಸಿಕ್ಕಿತು. ಕಲ್ಲಿನ ಬಗ್ಗೆ ಮುಂದೆ ಇಷ್ಟೊಂದು ಬರೆದವನು ಕಲ್ಲನ್ನು ಮೊದಲು ತಿಳಿದದ್ದು ಹೀಗೆ. ಆಮೇಲೆ ಯಂತ್ರದ ಹುಚ್ಚು ಹಿಡಿಯಿತು. ಗಡಿಯಾರ ಮಾಡಿದ. ಹೊತ್ತಿಗೆ ಸರಿಯಾಗಿ ವಾಲಿ, ಮಲಗಿದವನನ್ನು ಎಬ್ಬಿಸುವ ಮಂಚ ಮಾಡಿದ. ಕೊನೆಗೆ ಇಂಡಿಯಾನಾಪೊಲಿಸ್‌ನ ಗಾಡಿ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದ. 1867ರ ಮಾರ್ಚ್‌ನಲ್ಲಿ ಯಂತ್ರದ ಬೆಲ್ಟ್ ಸರಿಮಾಡುವಾಗ ಕೈಯಲ್ಲಿದ್ದ ಅರ ಜಾರಿ ಬಲಗಣ್ಣಿಗೆ ಚುಚ್ಚಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಕಣ್ಣೂ ಕಾಣದಾಯಿತು. ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿದ. ದೃಷ್ಟಿ ಮರಳಿದ ಮೇಲೆ ಕಾರ್ಖಾನೆ ಬಿಟ್ಟು ನಡೆಯಲು ಶುರು ಮಾಡಿದವನು, ಕೆಂಟಕಿಯಿಂದ ಫ್ಲಾರಿಡಾದ ಸಮುದ್ರದ ತನಕ ನಡೆದ. ಅಲ್ಲಿ ಮಲೇರಿಯಾ ಹಿಡಿಯಿತು. ಕ್ಯೂಬಾ, ಪನಾಮಾ ಎಲ್ಲ ಸುತ್ತಿ 1868ರ ಮಾರ್ಚ್ ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದಿಳಿದ. ಕಿಸೆಯಲ್ಲಿ ದುಡ್ಡಿರಲಿಲ್ಲ. ಹಾಗಾಗಿ ಕುರಿ ಕಾಯುವ ಕೆಲಸ.

ಎರಡು ಸಾವಿರ ಕುರಿ

1869ರ ಬೇಸಿಗೆ. ಡಿಲೇನಿ ಅನ್ನುವ ಕುರಿಯ ಧಣಿಗೆ ಒಬ್ಬ ನಂಬಿಕೆಯ ಆಳು ಬೇಕಿತ್ತು. ಕುರಿ ಕಾಯಲು ಬಿಲ್ಲಿ ಅನ್ನುವ ಕುರಿಗಾಹಿ ಇದ್ದ. ಅವನ ಮೇಲೊಂದು ಕಣ್ಣಿಟ್ಟು, ಉಳಿದ ಹೊತ್ತಿನಲ್ಲಿ ಗಿಡ ನೋಡಿಕೊಂಡಿರು ಅಂತ ಮ್ಯೂರ್‌ಗೆ ಹೇಳಿದ. ಜೂನ್ ಮೊದಲ ವಾರ ಮಂದೆ ಹೊರಟಿತು. 2,000ಕ್ಕೂ ಸ್ವಲ್ಪ ಜಾಸ್ತಿ ಕುರಿ. ಕೆಳಗಿನ ಬಯಲು ಒಣಗಿದ ಹಾಗೆಲ್ಲ, ಮೇಲೆ ಹಿಮ ಕರಗಿ ಹುಲ್ಲು ಚಿಗುರಿದ ಹಾಗೆಲ್ಲ, ಒಂದೊಂದೇ ಮೆಟ್ಟಿಲು ಮೇಲಕ್ಕೆ ಹೋಗುವುದು. ಕೊನೆಗೆ ತುವಾಲಮಿ ನದಿಯ ತಲೆಯ ಹತ್ತಿರದ ಹುಲ್ಲುಗಾವಲು. ಜೊತೆಗೆ ಎರವಲು ತಂದ ಕಾರ್ಲೊ ಅನ್ನುವ ದೊಡ್ಡ ನಾಯಿ. ಮೊದಲ ಕೆಲವು ದಿನ ಮಂದೆ ಅಟ್ಟಲು ಒಬ್ಬ ಚೀನೀಯ, ಒಬ್ಬ ಇಂಡಿಯನ್, ಅಂದರೆ ಅಮೆರಿಕದ ಮೂಲನಿವಾಸಿ.

ಆ ಬೇಸಿಗೆಯ ದಿನಚರಿ 1911ರಲ್ಲಿ ಪುಸ್ತಕವಾಗಿ ಬಂತು. ಅದರಲ್ಲಿ ಬೆಟ್ಟದ ವರ್ಣನೆಗಿಂತ ನನಗೆ ಇಷ್ಟವಾದದ್ದು ಬಿಲ್ಲಿಯ ಪ್ಯಾಂಟು. ಬಿಲ್ಲಿ ಮಧ್ಯಾಹ್ನದ ಊಟಕ್ಕೆ ಕರಿದ ಮಾಂಸವನ್ನು ಸೊಂಟಕ್ಕೆ ಕಟ್ಟಿಕೊಂಡು ಹೊರಡುತ್ತಿದ್ದ. ಅದರ ಜಿಡ್ಡು ಬಲಗಾಲಿನ ಮೇಲೆ ಇಳಿಯುತ್ತಿತ್ತು. ಪ್ಯಾಂಟ್ ಬಿಚ್ಚುವ, ಒಗೆಯುವ ಮಾತೇ ಇಲ್ಲ. ಪೈನ್ ಮರದ ಎಲೆ, ತೊಗಟೆಯ ಚೂರು, ಕೂದಲು, ಚಿಟ್ಟೆಯ ರೆಕ್ಕೆ, ಹೂವಿನ ಎಸಳು, ಕಾಗೆಬಂಗಾರದ ಪುಡಿ, ಬೆಟ್ಟದಲ್ಲಿ ಏನೇನಿದೆಯೋ ಎಲ್ಲ ಬಂದು ಅಂಟಿಕೊಳ್ಳುತ್ತಿತ್ತು. ಬೇರೆಯವರ ಪ್ಯಾಂಟು ಹಾಕಿ ಹಾಕಿ ಸವೆದರೆ ಬಿಲ್ಲಿಯದು ದಿನದಿನಕ್ಕೆ ದಪ್ಪವಾಗುತ್ತಿತ್ತು. ಗಿಡ, ಹುಳು ಹುಡುಕಿಕೊಂಡು ಊರೆಲ್ಲ ಅಲೆಯುತ್ತಿದ್ದ ಮ್ಯೂರ್‌ಗೆ, ತನಗಿಂತ ಒಳ್ಳೆಯ ಸಂಗ್ರಹ ಪಕ್ಕದಲ್ಲೇ ಓಡಾಡುತ್ತಿದೆಯಲ್ಲ ಅಂತ ನಗು.

ಇದೇ ಬಿಲ್ಲಿಗೆ ಮ್ಯೂರ್ ಒಂದು ದಿನ, ನಾನು ಕುರಿ ನೋಡಿಕೊಳ್ಳುತ್ತೇನೆ, ನೀನು ಹೋಗಿ ಯೊಸೆಮಿಟಿ ನೋಡಿ ಬಾ ಅಂತ ಗಂಟುಬಿದ್ದ. ಏನಿದೆ ಅಲ್ಲಿ, ಬರೀ ಬಂಡೆ, ನೆಲದಲ್ಲೊಂದು ಗುಂಡಿ, ಬಿದ್ದರೆ ಸತ್ತೆ ಅನ್ನುವುದು ಬಿಲ್ಲಿಯ ಉತ್ತರ. ಮ್ಯೂರ್‌ಗೆ ಬೇಜಾರಾಯಿತು. ನನಗೆ ಬಿಲ್ಲಿಯ ಮೇಲೆ ಅಯ್ಯೋ ಅನ್ನಿಸುತ್ತದೆ. ಕರಡಿ ಒಂದು ಕುರಿ ಹೊತ್ತುಕೊಂಡು ಹೋದರೆ ಬೈಸಿಕೊಳ್ಳುವವನು ಅವನು ತಾನೇ? ಅವನು ಬೇಡ ಅಂದ ಗುಂಡಿಯ ಅಂಚಿಗೆ ಮ್ಯೂರ್ ತಾನೇ ಹೋದ. ಜುಲೈ ತಿಂಗಳು. ಯೊಸೆಮಿಟಿ ಜಲಪಾತ ಧುಮುಕುವ ಜಾಗದಲ್ಲಿ ಬೂಟು, ಕಾಲುಚೀಲ ಬಿಚ್ಚಿಟ್ಟು, ನುಣುಪು ಬಂಡೆಯ ಮೇಲೆ ತೆವಳಿಕೊಂಡು, ಹಿಮ್ಮಡಿ ಊರಲು ಮೂರು ಬೆರಳಗಲ ಇದ್ದ ಅಂಚಿಗೆ ಇಳಿದ. ತಲೆ ಸುತ್ತದಿರಲಿ ಅಂತ ಯಾವುದೋ ಕಹಿ ಸೊಪ್ಪು ಕಿತ್ತು ಬಾಯಿಗೆ ತುಂಬಿಕೊಂಡಿದ್ದ. ಆ ರಾತ್ರಿ ಬಿದ್ದ ಹಾಗೆ ಕನಸು ಬಿದ್ದು ಬೆಚ್ಚಿ ಎದ್ದನಂತೆ. ಸುಮ್ನೆ ಹುಚ್ಚು ಸಾಹಸ, ಒಪ್ಪುತ್ತೇನೆ. ಆದರೆ ನೀರು ಬಂಡೆಯನ್ನು ಬಿಡುವ ಆ ಒಂದು ಗೇಣು ಜಾಗವನ್ನು ಅಷ್ಟು ಹತ್ತಿರದಿಂದ ನೋಡಬೇಕು ಅನ್ನುವ ಚಾಳಿ ಅವನಿಗೆ ಕೊನೆಯ ತನಕ ಹೋಗಲಿಲ್ಲ.

ಆ ಬೇಸಿಗೆಯಲ್ಲಿ ಅವನು ನೋಡಿದ್ದು ಸೊಬಗನ್ನು ಮಾತ್ರವಲ್ಲ. ಮಂದೆ ಹೋದ ದಾರಿಯನ್ನೂ ನೋಡಿದ. ಕುರಿ ಹಾದ ಮೇಲೆ ಲಿಲ್ಲಿ ಇಲ್ಲ, ಜರಿಗಿಡ ಇಲ್ಲ, ಸಣ್ಣ ಸಸಿ ಇಲ್ಲ. ಕೊನೆಗೆ ಉಳಿದದ್ದು ಧೂಳು. ಗೊರಸಿರುವ ಮಿಡತೆ ಅಂತ ಕುರಿಗಳಿಗೆ ಅವನಿಟ್ಟ ಹೆಸರು ಆಮೇಲೆ ಬಹಳ ಓಡಾಡಿತು. ಅದನ್ನು ಹೇಳಿದವನು ಕುರ್ಚಿಯ ಮೇಲೆ ಕೂತ ಪರಿಸರವಾದಿಯಲ್ಲ. ಆ ಮಂದೆಯನ್ನು ಅಲ್ಲಿಗೆ ಅಟ್ಟಿಕೊಂಡು ಹೋಗಿ ಸಂಬಳ ತೆಗೆದುಕೊಂಡವನು. ಆಮೇಲೆ ಕಣಿವೆಯಲ್ಲಿ ಹೋಟೆಲ್ ನಡೆಸುತ್ತಿದ್ದ ಹಚಿಂಗ್ಸ್ ಎಂಬವರಿಗೆ ಸಾಮಿಲ್ ಕಟ್ಟಿ ಓಡಿಸಿದ್ದೂ ಇವನೇ. ಗಾಳಿಗೆ ಬಿದ್ದ ಮರಗಳನ್ನು ಮಾತ್ರ ಕೊಯ್ದೆ ಅಂತ ಹೇಳಿಕೊಂಡಿದ್ದಾನೆ. ಇರಲಿ, ಮರ ಕೊಯ್ದದ್ದಂತೂ ನಿಜ. ಒಂದು ಕಾಡು ಹೇಗೆ ಹಾಳಾಗುತ್ತದೆ ಅನ್ನುವುದು ಅವನಿಗೆ ಕೈಯಲ್ಲಿ ಗೊತ್ತಿತ್ತು.

ಗೂಟ ನೆಟ್ಟು ಅಳೆದದ್ದು

ಯೊಸೆಮಿಟಿ ಕಣಿವೆ ಹೇಗಾಯಿತು? ಆಗಿನ ಕ್ಯಾಲಿಫೋರ್ನಿಯಾದ ಸರ್ಕಾರಿ ಭೂವಿಜ್ಞಾನಿ ಜೋಸಾಯ ವಿಟ್ನಿ, ಭೂಮಿ ಅಲ್ಲಾಡಿ ಕಣಿವೆಯ ತಳ ದಢಕ್ಕನೆ ಕುಸಿಯಿತು ಅಂತ ಪುಸ್ತಕದಲ್ಲಿ ಬರೆದಿದ್ದರು. ಸಾಮಿಲ್ಲಿನ ಹುಡುಗ ಇಲ್ಲ ಅಂದ. ಬಂಡೆ ನುಣುಪಾಗಿ ಹೊಳೆಯುತ್ತದೆ, ಒಂದೇ ದಿಕ್ಕಿಗೆ ಗೀರು ಬಿದ್ದಿದೆ, ಸಂಬಂಧವೇ ಇಲ್ಲದ ಜಾಗದಲ್ಲಿ ಬೇರೆ ಜಾತಿಯ ಕಲ್ಲು ಬಂದು ಕೂತಿದೆ. ಇದು ಹಿಮನದಿ ಉಜ್ಜಿಕೊಂಡು ಹೋದ ಗುರುತು. ವಿಟ್ನಿಯವರಿಗೆ ಸಿಟ್ಟು ಬಂತು. ಕುರಿ ಕಾಯುವವನಿಗೆ ಏನು ಗೊತ್ತು ಅನ್ನುವ ಧಾಟಿಯ ಮಾತು ಬಂತು. ನಮ್ಮಲ್ಲೂ ಇದು ಹೊಸದಲ್ಲ ಬಿಡಿ. ಡಿಗ್ರಿ ಇಲ್ಲದವನು ಬಾಯಿ ಬಿಟ್ಟರೆ ಮೊದಲು ಅವನ ಕಸುಬು ಎತ್ತಿ ಆಡುವುದು ಎಲ್ಲ ಕಡೆಯ ಪದ್ಧತಿ.

ಮ್ಯೂರ್ ಜಗಳಕ್ಕೆ ನಿಲ್ಲದೆ ಹುಡುಕಲು ಹೋದ. 1871ರಲ್ಲಿ ಮರ್ಸೆಡ್ ನದಿಯ ತಲೆಯ ಕಡೆ ಬೆಟ್ಟದ ನೆರಳಿನಲ್ಲಿ ಇನ್ನೂ ಬದುಕಿರುವ ಪುಟ್ಟ ಹಿಮನದಿ ಸಿಕ್ಕಿತು. ಅದು ಬರೀ ಹಳೇ ಹಿಮದ ರಾಶಿ ಇರಬಹುದಲ್ಲ ಅಂದವರಿದ್ದರು. ಸರಿ, ಹರಿಯುತ್ತದೋ ಇಲ್ಲವೋ ನೋಡೇಬಿಡೋಣ ಅಂತ 1872ರ ಆಗಸ್ಟ್‌ನಲ್ಲಿ ಮೆಕ್ಲೂರ್ ಬೆಟ್ಟದ ಹಿಮದಲ್ಲಿ ಅಡ್ಡಕ್ಕೆ ಸಾಲಾಗಿ ಗೂಟ ನೆಟ್ಟು ಬಂದ. ಅಕ್ಟೋಬರ್‌ನಲ್ಲಿ ಹೋಗಿ ನೋಡಿದರೆ ನೇರ ಇದ್ದ ಸಾಲು ಡೊಂಕಾಗಿದೆ. ನಡುವಿನ ಗೂಟ 46 ದಿನದಲ್ಲಿ 47 ಇಂಚು ಕೆಳಗೆ ಸರಿದಿದೆ. ದಿನಕ್ಕೆ ಒಂದು ಇಂಚು. ಇದಕ್ಕೆ ಬೇಕಾದದ್ದು ಕೆಲವು ಗೂಟ, ಒಂದಿಷ್ಟು ದಾರ, ಮತ್ತೆ ಆ ಎತ್ತರಕ್ಕೆ ಎರಡನೇ ಸಲ ಹತ್ತುವ ಕಾಲು.

ಅವನು ಹೇಳಿದ್ದೆಲ್ಲ ಸರಿಯಿರಲಿಲ್ಲ. ಹಿಮಕ್ಕೆ ಜಾಸ್ತಿ ಕೀರ್ತಿ ಕೊಟ್ಟುಬಿಟ್ಟ. ಕಣಿವೆಯನ್ನು ಮೊದಲು ನದಿ ಆಳವಾಗಿ ಕೊರೆದಿತ್ತು, ಹಿಮ ಬಂದು ಅದನ್ನು ಅಗಲ ಮಾಡಿತು ಅಂತ 1930ರಲ್ಲಿ ಫ್ರಾಂಸ್ವಾ ಮ್ಯಾಥಿಸ್ ವಿವರವಾಗಿ ತೋರಿಸಿದರು. ಆದರೂ ವಿಟ್ನಿಯವರಿಗಿಂತ ಕುರಿಗಾಹಿಯೇ ನಿಜದ ಹತ್ತಿರ ಇದ್ದ. ಇನ್ನೊಂದು ವಿಷಯ ಇಲ್ಲಿ ಹೇಳಲೇಬೇಕು. ಈಚೆಗೆ ಪಾರ್ಕ್‌ನ ಭೂವಿಜ್ಞಾನಿಗಳು ಅದೇ ಮೆಕ್ಲೂರ್ ಮೇಲೆ, ಪಕ್ಕದ ಲಾಯೆಲ್ ಮೇಲೆ ಮತ್ತೆ ಗೂಟ ನೆಟ್ಟು ಅಳೆದರು. 2013ರಲ್ಲಿ ಫಲಿತಾಂಶ ಹೊರಬಂತು. ಮೆಕ್ಲೂರ್ ಎಷ್ಟೋ ಕರಗಿತ್ತು, ಆದರೂ ಆಗಲೂ ದಿನಕ್ಕೆ ಒಂದು ಇಂಚಿನಷ್ಟು ಸರಿಯುತ್ತಿತ್ತು. ಲಾಯೆಲ್ ನಿಂತುಬಿಟ್ಟಿದೆ. ಅದನ್ನು ಇನ್ನು ಹಿಮನದಿ ಅನ್ನುವ ಹಾಗಿಲ್ಲ. ಹೋಲಿಸಲು ಒಂದು ಹಳೆಯ ಅಂಕಿ ಸಿಕ್ಕಿದ್ದು ಅವತ್ತು ಮ್ಯೂರ್ ಎರಡನೇ ಸಲ ಹತ್ತಿದ್ದರಿಂದ. ಬೆಟ್ಟ ಕರೆಯಿತು ಅಂತ ಹೋಗಿ ಬಂದಿದ್ದರೆ ಇಷ್ಟು ಹೊತ್ತಿಗೆ ಏನೂ ಉಳಿಯುತ್ತಿರಲಿಲ್ಲ.

ಹೂವೆಲ್ಲಿ?

1880ರಲ್ಲಿ ಮದುವೆಯಾಯಿತು. ಮಾರ್ಟಿನೆಜ್‌ನಲ್ಲಿ ಮಾವನ ಹಣ್ಣಿನ ತೋಟ, ಎರಡು ಹೆಣ್ಣುಮಕ್ಕಳು. ಸುಮಾರು ಹತ್ತು ವರ್ಷ ದ್ರಾಕ್ಷಿ, ಪೇರ್ ಹಣ್ಣು ಮಾರಿ ಚೆನ್ನಾಗಿ ದುಡ್ಡು ಮಾಡಿದ. ಬರೆಯುವುದು ಹೆಚ್ಚುಕಮ್ಮಿ ನಿಂತೇ ಹೋಯಿತು. ಮಗ್ ಮಾರುವವರಿಗೆ ಈ ಹತ್ತು ವರ್ಷ ಕೆಲಸಕ್ಕೆ ಬರುವುದಿಲ್ಲ.

1889ರಲ್ಲಿ ಪೂರ್ವದ ಕಡೆಯಿಂದ ಪತ್ರಿಕೆಯ ಸಂಪಾದಕ ರಾಬರ್ಟ್ ಅಂಡರ್‌ವುಡ್ ಜಾನ್ಸನ್ ಬಂದರು. ಇಬ್ಬರೂ ತುವಾಲಮಿ ಹುಲ್ಲುಗಾವಲಿಗೆ ಹೋಗಿ ಡೇರೆ ಹಾಕಿದರು. ಸುತ್ತ ನೋಡಿದ ಜಾನ್ಸನ್, ನೀವು ಬರೆದ ಆ ಹೂವಿನ ತೋಟಗಳು ಎಲ್ಲಿ ಅಂತ ಕೇಳಿದರು. ಕುರಿ ಅಂದ ಮ್ಯೂರ್. ಇಪ್ಪತ್ತು ವರ್ಷದ ಹಿಂದೆ ತಾನೇ ಮಂದೆಯ ಹಿಂದೆ ಬಂದ ಜಾಗ ಅದು. ಕಣಿವೆಯನ್ನು ಲಿಂಕನ್ ಕಾಲದಲ್ಲಿ, 1864ರಲ್ಲೇ, ಕ್ಯಾಲಿಫೋರ್ನಿಯಾ ರಾಜ್ಯದ ಕೈಗೆ ಕೊಟ್ಟಾಗಿತ್ತು. ಆದರೆ ಅದರ ತಲೆಯ ಮೇಲಿನ ಕಾಡು, ಹೊಳೆಗಳು ಹುಟ್ಟುವ ಜಾಗ ಯಾರ ಕಾವಲಿಗೂ ಸೇರಿರಲಿಲ್ಲ. ಬೆಂಕಿಯ ಮುಂದೆ ಕೂತು ಇಬ್ಬರೂ ಲೆಕ್ಕ ಹಾಕಿದರು. ಮ್ಯೂರ್ ಎರಡು ಲೇಖನ ಬರೆಯುವುದು, ಜಾನ್ಸನ್ ವಾಷಿಂಗ್ಟನ್‌ನಲ್ಲಿ ಓಡಾಡುವುದು. ಮುಂದಿನ ವರ್ಷ ಲೇಖನ ಬಂದವು. 1890ರ ಅಕ್ಟೋಬರ್ 1ಕ್ಕೆ ಯೊಸೆಮಿಟಿ ರಾಷ್ಟ್ರೀಯ ಉದ್ಯಾನವಾಯಿತು. 1892ರಲ್ಲಿ ಬೆಟ್ಟ ಕಾಡು ಉಳಿಸುವ ಸಂಘ ಸಿಯೆರಾ ಕ್ಲಬ್ ಶುರುವಾಗಿ ಮ್ಯೂರ್ ಅಧ್ಯಕ್ಷನಾದ, ಸಾಯುವ ತನಕ ಅವನೇ ಅಧ್ಯಕ್ಷ.

ಕಾನೂನೇನೋ ಬಂತು, ಮುರಿದರೆ ಶಿಕ್ಷೆ ಏನು ಅಂತ ಅದರಲ್ಲಿ ಬರೆದಿರಲಿಲ್ಲ. ಕಾವಲಿಗೆ ಬಂದ ಕುದುರೆ ಸೈನಿಕರು ಒಂದು ಉಪಾಯ ಕಂಡುಕೊಂಡರು. ಕುರಿಗಾಹಿ ಸಿಕ್ಕಿಬಿದ್ದರೆ ಅವನನ್ನು ಪಾರ್ಕ್‌ನ ಒಂದು ತುದಿಗೆ ಕರೆದೊಯ್ದು ಬಿಡುವುದು. ಅವನ ಮಂದೆಯನ್ನು ಇನ್ನೊಂದು ತುದಿಗೆ ಅಟ್ಟಿ ಬಿಡುವುದು. ನಡುವೆ ದಿನಗಟ್ಟಲೆ ನಡೆಯುವಷ್ಟು ಬೆಟ್ಟ. ಮನುಷ್ಯ ಹುಡುಕಿಕೊಂಡು ಬರುವಷ್ಟರಲ್ಲಿ ಕುರಿ ಚೆಲ್ಲಾಪಿಲ್ಲಿ. ಕೆಲವು ವರ್ಷದಲ್ಲಿ ಹುಲ್ಲುಗಾವಲು ಚೇತರಿಸಿಕೊಂಡಿತು. 1903ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಬಂದು ಮ್ಯೂರ್ ಜೊತೆ ಮೂರು ರಾತ್ರಿ ಬಯಲಲ್ಲಿ ಮಲಗಿದ ಕತೆ ಎಲ್ಲರೂ ಹೇಳುತ್ತಾರೆ. ಅದರ ಫೋಟೊ ಇದೆಯಲ್ಲ, ಅದಕ್ಕೇ. ನನಗೆ ಈ ಸೈನಿಕರ ಉಪಾಯವೇ ಜಾಸ್ತಿ ಇಷ್ಟ.

ಹಿನ್ನೀರಿನ ಎದುರು

ಯೊಸೆಮಿಟಿಯ ಉತ್ತರಕ್ಕೆ, ಅದೇ ಪಾರ್ಕ್‌ನ ಒಳಗೆ, ಅದರದೇ ತಂಗಿಯ ಹಾಗಿದ್ದ ಇನ್ನೊಂದು ಕಣಿವೆ ಇತ್ತು. ಹೆಚ್ ಹೆಚಿ. ಸ್ಯಾನ್ ಫ್ರಾನ್ಸಿಸ್ಕೊ ಊರು ಅಲ್ಲಿ ಅಣೆಕಟ್ಟು ಕಟ್ಟಿ ಕುಡಿಯುವ ನೀರು ತರುತ್ತೇವೆ ಅಂತ ಕೇಳುತ್ತಲೇ ಇತ್ತು. 1906ರ ಭೂಕಂಪ, ಬೆಂಕಿ ಆದ ಮೇಲೆ ಆ ಕೂಗು ಜೋರಾಯಿತು. ಅವತ್ತು ಬೆಂಕಿ ಆರಿಸಲಾಗದ್ದಕ್ಕೆ ಊರೊಳಗಿನ ಪೈಪುಗಳು ಒಡೆದದ್ದು ದೊಡ್ಡ ಕಾರಣ. ಆದರೆ ಸುಟ್ಟ ಊರಿನ ಎದುರು ಈ ಮಾತು ಯಾರು ಕೇಳುತ್ತಾರೆ? ಮ್ಯೂರ್ ಮುಪ್ಪಿನಲ್ಲಿ ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದ. ಅದು ದೇವಸ್ಥಾನ, ದೇವಸ್ಥಾನವನ್ನು ನೀರಿನ ಟ್ಯಾಂಕ್ ಮಾಡುತ್ತೀರಾ ಅಂತ ಕೇಳಿದ. ಬೇರೆ ನದಿಗಳಿಂದಲೂ ನೀರು ತರಬಹುದು ಅಂತ ಅವನ ಕಡೆಯವರು ಹೇಳಿದರು. ಅದು ಸುಳ್ಳೂ ಆಗಿರಲಿಲ್ಲ. ಮುಂದೆ ಓಕ್‌ಲ್ಯಾಂಡ್ ಕಡೆಯವರು ಮೊಕೆಲಮಿ ನದಿಯಿಂದ 1929ರಲ್ಲೇ ನೀರು ತಂದರು. ಆದರೆ ಜನರ ಕಿವಿಗೆ ಬಿದ್ದದ್ದು ದೇವಸ್ಥಾನದ ಮಾತು. ಗೂಟ ನೆಟ್ಟು ಇಂಚು ಲೆಕ್ಕ ಹಾಕಿದವನು ಇಲ್ಲಿ ಮಾತ್ರ ಪೂಜಾರಿಯ ಹಾಗೆ ಮಾತಾಡಿ ಸೋತ ಅಂತ ನನ್ನ ಅನಿಸಿಕೆ. 1913ರ ಡಿಸೆಂಬರ್ 19ಕ್ಕೆ ಅಧ್ಯಕ್ಷ ವಿಲ್ಸನ್ ಕಾನೂನಿಗೆ ಸಹಿ ಹಾಕಿದರು. ಮರುವರ್ಷ ಕ್ರಿಸ್‌ಮಸ್‌ನ ಹಿಂದಿನ ದಿನ ಮ್ಯೂರ್ ನ್ಯುಮೋನಿಯಾದಿಂದ ತೀರಿಕೊಂಡ. 1923ರಲ್ಲಿ ಅಣೆಕಟ್ಟು ಮುಗಿಯಿತು, 1934ರಲ್ಲಿ ನೀರು ಬಂತು. ಈಗ ಸುಮಾರು 27 ಲಕ್ಷ ಜನ ಅದನ್ನು ಕುಡಿಯುತ್ತಾರೆ. ನಮ್ಮ ಮನೆಯ ನಲ್ಲಿಯಲ್ಲಿ ಬರುವುದೂ ಅದೇ. ರುಚಿ ಚೆನ್ನಾಗಿದೆ, ಸುಳ್ಳು ಯಾಕೆ ಹೇಳಲಿ.

ಸಾಗರದಿಂದ ಭಾವ ಬಂದಾಗ ಯೊಸೆಮಿಟಿ ಮುಗಿಸಿ ಮಾರನೇ ದಿನ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಜನವೇ ಇರಲಿಲ್ಲ. ಕುಡಿಯುವ ನೀರು ಅಂತ ಈಜುವ ಹಾಗಿಲ್ಲ, ದೋಣಿ ಬಿಡುವ ಹಾಗಿಲ್ಲ. ಉಳಿಸಿಕೊಂಡ ಕಣಿವೆಯಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ, ಮುಳುಗಿಸಿದ ಕಣಿವೆಯಲ್ಲಿ ನಾವಿಬ್ಬರೇ. ಅಣೆಕಟ್ಟಿನ ಮೇಲೆ ನಡೆದು, ಸುರಂಗ ದಾಟಿ ಆಚೆ ಹೋದೆವು. ವಾಪಾಮಾ ಜಲಪಾತ ಬಂಡೆಯ ಮೇಲಿಂದ ನೇರ ಹಿನ್ನೀರಿಗೆ ಬೀಳುತ್ತಿತ್ತು. ಭಾವ ಜಲಪಾತ ನೋಡಲಿಲ್ಲ. ನೀರನ್ನೇ ನೋಡುತ್ತಾ ನಿಂತವರು, "ಅಲ್ಲ ಮಾರಾಯ, ಇಲ್ಲಿ ಯಾರ್ಯಾರ ಮನೆ ಮುಳುಗ್ತು?" ಅಂತ ಕೇಳಿದರು.

ಅವರ ಅಜ್ಜನ ಮನೆ ಲಿಂಗನಮಕ್ಕಿಯ ಅಡಿಯಲ್ಲಿದೆ. ಅಂಥವರಿಗೆ ಹಿನ್ನೀರು ಕಂಡರೆ ಮೊದಲು ಬರುವ ಪ್ರಶ್ನೆ ಇದೇ. ಯಾರ ಮನೆಯೂ ಇರಲಿಲ್ಲ, ಖಾಲಿ ಕಣಿವೆ ಅಂತ ಹೇಳಿದೆ. "ಅದ್ಹೆಂಗೆ? ಇಷ್ಟು ನೀರು, ಇಷ್ಟು ಹುಲ್ಲಿರೋ ಜಾಗದಲ್ಲಿ ಜನ ಇರ್ಲಿಲ್ಲ ಅಂದ್ರೆ?"

ಜನ ಇದ್ದರು. ಮಿವಾಕ್ ಮತ್ತು ಪಯೂಟ್ ಜನ ಬೇಸಿಗೆಗೆ ಬಂದು ಹುಲ್ಲಿನ ಬೀಜ, ಓಕ್ ಕಾಯಿ ಕೂಡಿಸಿಕೊಳ್ಳುತ್ತಿದ್ದ ಕಣಿವೆ ಅದು. ಪಕ್ಕದ ಯೊಸೆಮಿಟಿಯಲ್ಲಿ ಅವಾನೀಚಿ ಜನರ ಹಳ್ಳಿಗಳಿದ್ದವು. 1851ರಲ್ಲಿ, ಚಿನ್ನದ ಹುಚ್ಚಿನ ಕಾಲದಲ್ಲಿ, ಮಾರಿಪೋಸಾ ಬೆಟಾಲಿಯನ್ ಬಂದು ಅವರ ಗುಡಿಸಲು, ಕೂಡಿಟ್ಟ ಕಾಳು ಸುಟ್ಟು ಓಡಿಸಿತು. ಮ್ಯೂರ್ ಬರುವುದಕ್ಕೆ ಇನ್ನೂ 17 ವರ್ಷ ಇತ್ತು. ಅವನ ಕಣ್ಣಿಗೆ ಬಿದ್ದದ್ದು ಖಾಲಿ ಮಾಡಿಸಿದ ಬೆಟ್ಟ. ಅವನು ಹೊಗಳಿದ ತೆರಪು ಹುಲ್ಲುಗಾವಲು, ದೂರ ದೂರ ನಿಂತ ಓಕ್ ಮರ, ಇದರಲ್ಲಿ ಎಷ್ಟೋ ಭಾಗ ಆ ಜನ ತಲೆಮಾರುಗಟ್ಟಲೆ ಹದವಾಗಿ ಬೆಂಕಿ ಹಾಕಿ ಕಾಪಾಡಿಕೊಂಡು ಬಂದದ್ದು. ಬೆಂಕಿ ನಿಲ್ಲಿಸಿದ ಮೇಲೆ ಹುಲ್ಲಿನ ಜಾಗಕ್ಕೆ ಕೋನಿಫರ್ ಮರಗಳು ನುಗ್ಗಿದವು. ಮ್ಯೂರ್‌ಗೆ ಇದು ಹೊಳೆಯಲೇ ಇಲ್ಲ. ಅದೇ ದಿನಚರಿಯಲ್ಲಿ ಒಂದು ಕಡೆ, ಇಂಡಿಯನ್ನರು ಮೆತ್ತಗೆ ಹೆಜ್ಜೆ ಇಡುತ್ತಾರೆ, ಹಕ್ಕಿ ಅಳಿಲಿಗಿಂತ ಜಾಸ್ತಿ ಗಾಯ ಮಾಡುವುದಿಲ್ಲ ಅಂತ ಬರೆಯುತ್ತಾನೆ. ಇನ್ನೊಂದು ಕಡೆ ಕೊಳಕು ಜನ ಅಂತ ಮೂಗು ಮುರಿಯುತ್ತಾನೆ. ಎರಡರಲ್ಲೂ ಅವರು ಆ ಕಾಡಿನ ಕೆಲಸಗಾರರು ಅನ್ನುವುದು ಇಲ್ಲ. 2020ರಲ್ಲಿ ಸಿಯೆರಾ ಕ್ಲಬ್ ತಾನೇ ಮುಂದೆ ಬಂದು ಸ್ಥಾಪಕನ ಈ ಮಾತುಗಳ ಬಗ್ಗೆ ಒಪ್ಪಿಕೊಂಡಿತು. ಅದರ ಮೇಲೆ ಪರ ವಿರೋಧ ಜಗಳವೂ ಆಯಿತು. ಆಮೇಲೆ ಅಲಾಸ್ಕಾಗೆ ಹೋದಾಗ ಮ್ಯೂರ್ ಅಲ್ಲಿನ ಟ್ಲಿಂಗಿಟ್ ಜನರ ಬಗ್ಗೆ ಗೌರವದಿಂದ ಬರೆದ ಅನ್ನುವವರಿದ್ದಾರೆ, ಅದೂ ನಿಜ.

ನನಗೆ ಮತ್ತೆ ಮತ್ತೆ ಚುಚ್ಚುವುದು ಆ ಬೈಗುಳವಲ್ಲ, ಅದಕ್ಕಿಂತ ಸಣ್ಣದೊಂದು. 1869ರ ಮಂದೆಯ ಜೊತೆ ಹೊರಟವರನ್ನು ನೋಡಿ. ಧಣಿಗೆ ಹೆಸರಿದೆ. ಬಿಲ್ಲಿಗೆ ಹೆಸರಿದೆ, ಅವನ ಪ್ಯಾಂಟಿಗೆ ಒಂದು ಪುಟವೇ ಇದೆ. ನಾಯಿಗೆ ಹೆಸರಿದೆ. ಆ ಚೀನೀಯನಿಗೂ ಇಂಡಿಯನ್‌ಗೂ ಹೆಸರಿಲ್ಲ. ಎಲೆಯ ಹಿಂದಿನ ನರ ಎಣಿಸುವವನು ಒಂದೇ ಬೆಂಕಿಯ ಸುತ್ತ ಮಲಗಿದವನ ಹೆಸರು ಬರೆದುಕೊಳ್ಳಲಿಲ್ಲ.

ಭಾವನಿಗೆ ಇದೆಲ್ಲ ಕಾರಿನಲ್ಲಿ ಹೇಳುತ್ತಾ ಬಂದೆ. ಅಣೆಕಟ್ಟು ಒಡೆದು ಕಣಿವೆ ವಾಪಸ್ ತರಬೇಕು ಅನ್ನುವವರೂ ಇಲ್ಲಿದ್ದಾರೆ, 2012ರಲ್ಲಿ ಅದಕ್ಕೊಂದು ಯೋಜನೆ ಮಾಡೋಣವಾ ಅಂತ ಸ್ಯಾನ್ ಫ್ರಾನ್ಸಿಸ್ಕೊ ಊರಿನವರ ಮತ ಕೇಳಿದರು, ಮುಕ್ಕಾಲು ಪಾಲು ಜನ ಬೇಡ ಅಂದರು ಅಂತಲೂ ಹೇಳಿದೆ. "ಒಡೆದ್ರೆ ಯಾರಿಗೆ ವಾಪಸ್ ಕೊಡ್ತಾರಂತೆ?" ಅಂತ ಅವರ ಮುಂದಿನ ಪ್ರಶ್ನೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಯೊಸೆಮಿಟಿ ಕಣಿವೆಯಲ್ಲಿ ಡೇರೆ ಹಾಕುವ ಜಾಗ ಕ್ಯಾಂಪ್ 4ರ ಹತ್ತಿರ ಹಿಂದೆ ಇಂಡಿಯನ್ ಹಳ್ಳಿಯೊಂದಿತ್ತು, ಅದರ ಕೊನೆಯ ಮನೆಯನ್ನೂ 1969ರಲ್ಲಿ ತೆಗೆಸಿದರು. 2018ರಲ್ಲಿ ಪಾರ್ಕ್‌ನವರು ಆ ಜನರ ಜೊತೆ ಒಪ್ಪಂದ ಮಾಡಿಕೊಂಡಿದ್ದಾರೆ. ಅದೇ ಜಾಗದಲ್ಲಿ ಅವರು ರೌಂಡ್‌ಹೌಸ್ ಅನ್ನುವ ತಮ್ಮ ಆಚರಣೆಯ ಮನೆ ಕಟ್ಟಿಕೊಂಡು ತಮ್ಮ ಆಚರಣೆ ಮಾಡಿಕೊಳ್ಳಬಹುದು. ಮುಂದಿನ ಸಲ ಭಾವ ಬಂದರೆ ಟನಲ್ ವ್ಯೂ ಬಿಟ್ಟು ಮೊದಲು ಆ ಕಡೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಅವರ ಪ್ರಶ್ನೆಯನ್ನು ಅಲ್ಲಿಯವರಲ್ಲೇ ಕೇಳಲಿ.